4 ಜಿಬಿ ಲ್ಯಾಪ್‌ಟಾಪ್‌ಗೆ ಯಾವ ರ್‍ಯಾಮ್, ಎಷ್ಟು ರ್‍ಯಾಮ್?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. 2018ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ: ಇಂಟೆಲ್ ಕೋರ್ ಐ5-8250ಯು, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಮಗಳು ಶಿವಮೊಗ್ಗದಲ್ಲಿ ಬಿಸಿಎ ಕಡೇ ವರ್ಷ. ಫೋನಿನ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಹತ್ತು ನಿಮಿಷ ಚಕ್ರ ತಿರುಗುತ್ತಲೇ ಇರುತ್ತದೆ. ರಜೆಯಲ್ಲಿ ಮನೆಗೆ ತಂದಾಗ ಅದರಲ್ಲೇ ನಾನು ಅಡಿಕೆ ಲೆಕ್ಕ ಬರೆದಿಡುತ್ತೇನೆ. ಅಂಗಡಿಯಲ್ಲಿ ಕೇಳಿದರೆ "16 ಜಿಬಿ, 3200 ಸ್ಪೀಡಿಂದು ಹಾಕ್ಸಿ, ರಾಕೆಟ್ ಆಗುತ್ತೆ" ಅಂದರು. ಹಾಕಿಸಬಹುದೇ? ಮನೆಯಲ್ಲೇ ಹಾಕಿಕೊಳ್ಳಬಹುದೇ? ನಮ್ಮ ಕಡೆಯ ಮಳೆಗಾಲದ ಥಂಡಿಗೆ ಏನಾದರೂ ತೊಂದರೆ ಇದೆಯೇ?

ಉತ್ತರ: ರ್‍ಯಾಮ್ ಹೆಚ್ಚಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಯಂತ್ರ ಕುಂಟುವುದಕ್ಕೆ ರ್‍ಯಾಮ್ ಒಂದೇ ಕಾರಣವಲ್ಲ, ಹಾರ್ಡ್‌ಡಿಸ್ಕ್ ಕೂಡ ಅದರ ಜೊತೆ ಸೇರಿಕೊಂಡಿದೆ. ಇಟ್ಟುಕೊಂಡ ದುಡ್ಡನ್ನೆಲ್ಲ 16 ಜಿಬಿ ಸ್ಟಿಕ್ಕಿಗೆ ಸುರಿಯುವ ಬದಲು 8 ಜಿಬಿ ಸ್ಟಿಕ್ ಒಂದು, ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಒಂದು ಎಂದು ಹಂಚಿಕೊಂಡರೆ ಮಗಳ ಕೆಲಸ ಹೆಚ್ಚು ಸಲೀಸಾಗುತ್ತದೆ. ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ, ನಿಮ್ಮ ಪರದೆಯೇ ಹೇಳುತ್ತದೆ.

ಮಗಳು ದಿನಾ ಬಳಸುವುದನ್ನೆಲ್ಲ ತೆರೆದಿಡಲಿ: ಸ್ಟುಡಿಯೋ, ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್, ಹಿಂದೆ ವಾಟ್ಸ್‌ಆ್ಯಪ್. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಎಲ್ಲರೂ ನೋಡುವುದು 'ಇನ್ ಯೂಸ್' ಎಂಬ ಅಂಕಿಯನ್ನು. 4 ಜಿಬಿ ಯಂತ್ರದಲ್ಲಿ ಅದು ಮೂರು ಮುಕ್ಕಾಲರ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಇರುವುದೇ ಅಷ್ಟು. ನೋಡಬೇಕಾದದ್ದು ಅದರ ಕೆಳಗಿನ 'ಕಮಿಟೆಡ್'. ಅಲ್ಲಿ ಎರಡು ಅಂಕಿ ಓರೆಗೆರೆಯಿಂದ ಬೇರೆಯಾಗಿರುತ್ತವೆ. ಮೊದಲನೆಯದು ತೆರೆದಿರುವ ಕಾರ್ಯಕ್ರಮಗಳೆಲ್ಲ ಸೇರಿ ಕೇಳಿಟ್ಟುಕೊಂಡಿರುವ ಜಾಗ, ಎರಡನೆಯದು ರ್‍ಯಾಮ್ ಮತ್ತು ಡಿಸ್ಕಿನ ಪೇಜ್‌ಫೈಲ್ ಕೂಡಿ ಕೊಡಬಲ್ಲ ಜಾಗ. ಮೊದಲನೆಯದು 9 ಎಂದು ತೋರಿಸಿದರೆ, 4 ಜಿಬಿ ಇರುವ ಮನೆಗೆ 9 ಜಿಬಿ ನೆಂಟರು ಬಂದಿದ್ದಾರೆ ಎಂದರ್ಥ. ಕೇಳಿದ್ದನ್ನೆಲ್ಲ ಕಾರ್ಯಕ್ರಮಗಳು ಒಂದೇ ಸಲ ಬಳಸುವುದಿಲ್ಲ, ಆದ್ದರಿಂದ ಅಷ್ಟಕ್ಕಷ್ಟೂ ರ್‍ಯಾಮ್ ಬೇಕೆಂದಿಲ್ಲ. ಆದರೂ ಆ ಅಂಕಿಯ ಹತ್ತಿರಕ್ಕೆ ರ್‍ಯಾಮ್ ಬಂದರೆ ಯಂತ್ರ ಸುಧಾರಿಸುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಅದೇ ಹೊತ್ತಿಗೆ ಎಡಗಡೆ 'ಡಿಸ್ಕ್' ಮೇಲೆ ಕಣ್ಣು ಹಾಯಿಸಿ. ಅದು 100 ಪ್ರತಿಶತಕ್ಕೆ ಅಂಟಿಕೊಂಡು ಕೂತಿದೆಯೇ? ರ್‍ಯಾಮ್ ಸಾಲದಾದಾಗ ವಿಂಡೋಸ್ ಸದ್ಯಕ್ಕೆ ಬೇಡದ ಭಾಗವನ್ನು ಡಿಸ್ಕಿಗೆ ಬರೆದು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಸರಿಯಬೇಕು. ಒಂದೇ ಸಾಲಿನಲ್ಲಿರುವ ದೊಡ್ಡ ಕಡತವನ್ನಾದರೆ ಸೆಕೆಂಡಿಗೆ ನೂರು ಎಂಬಿಯ ಸುಮಾರಿಗೆ ಓದೀತು, ಚೆದುರಿದ ಚೂರುಗಳನ್ನು ಹೆಕ್ಕುವಾಗ ಒಂದೆರಡು ಎಂಬಿಗೆ ಇಳಿದುಬಿಡುತ್ತದೆ. ಪೇಜ್‌ಫೈಲಿನ ಕೆಲಸ ಪೂರ್ತಿ ಹೀಗೆ ಹೆಕ್ಕುವುದೇ. ಸಾಟಾ (ಹಾರ್ಡ್‌ಡಿಸ್ಕಿನ ಜಾಗಕ್ಕೇ ಕೂರುವ ಬಗೆ) ಎಸ್‌ಎಸ್‌ಡಿ ಸಾಲು ಓದಿನಲ್ಲಿ 500 ಎಂಬಿ ದಾಟುತ್ತದೆ, ಹೆಕ್ಕುವ ಕೆಲಸದಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಬರೀ ರ್‍ಯಾಮ್ ಹಾಕಿ ಹಾರ್ಡ್‌ಡಿಸ್ಕ್ ಉಳಿಸಿಕೊಂಡರೆ ತೆರೆದ ಮೇಲಿನ ಎಳೆದಾಟ ನಿಲ್ಲುತ್ತದೆ, ತೆರೆಯುವುದಕ್ಕೆ ಹಿಡಿಯುವ ಹೊತ್ತು ಅಷ್ಟಾಗಿ ಇಳಿಯುವುದಿಲ್ಲ. ನಿಮ್ಮ ದೂರು ಇರುವುದು ಆ ಹತ್ತು ನಿಮಿಷದ ಬಗ್ಗೆ.

ಇನ್ನು ಎಷ್ಟು ಜಿಬಿ ಎಂಬ ಮಾತು. ಲೆಕ್ಕಪತ್ರ, ಎಕ್ಸೆಲ್, ಬ್ರೌಸರ್, ಆನ್‌ಲೈನ್ ಪಾಠ ಇಷ್ಟಕ್ಕೆ 8 ಜಿಬಿ ಸಾಕು. ಆಂಡ್ರಾಯ್ಡ್ ಸ್ಟುಡಿಯೋ ಮಾತ್ರ ಹೊಟ್ಟೆಬಾಕ. ಸ್ಟುಡಿಯೋ ಒಂದಕ್ಕೇ 8, ಎಮ್ಯುಲೇಟರೂ ಬೇಕಿದ್ದರೆ 16 ಎಂದು ಗೂಗಲ್ಲೇ ಹೇಳುತ್ತದೆ. ಎಮ್ಯುಲೇಟರ್ ಎಂದರೆ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಫೋನನ್ನು ಸಾಕಿದ ಹಾಗೆ. ಅದರ ಬದಲು ಮಗಳು ತನ್ನ ಫೋನಿನಲ್ಲಿ ಡೆವಲಪರ್ ಆಪ್ಷನ್ಸ್ ತೆರೆದು, ಯುಎಸ್‌ಬಿ ಡಿಬಗ್ಗಿಂಗ್ ಹಾಕಿ, ಕೇಬಲ್ಲಿನಿಂದ ಜೋಡಿಸಿ ಅಲ್ಲೇ ಆ್ಯಪ್ ಓಡಿಸಿದರೆ ಎಮ್ಯುಲೇಟರಿಗೆ ಹೋಗುತ್ತಿದ್ದ ರ್‍ಯಾಮ್ ಪೂರ್ತಿ ಉಳಿಯುತ್ತದೆ. ಹಾಗೆ ಮಾಡಿದರೆ 12 ಜಿಬಿಯಲ್ಲಿ ಕಡೇ ವರ್ಷದ ಪ್ರಾಜೆಕ್ಟ್ ಆರಾಮಾಗಿ ಮುಗಿಯುತ್ತದೆ. ಎಮ್ಯುಲೇಟರ್ ಬೇಕೇಬೇಕು ಎನ್ನುವುದಾದರೆ ಮಾತ್ರ 16ರ ಸ್ಟಿಕ್.

12 ಎಲ್ಲಿಂದ ಬಂತು ಎಂದರೆ, ನಿಮ್ಮ 4 ಜಿಬಿಗೆ 8 ಸೇರಿಸಿ. ಆದರೆ ಆ 4 ಜಿಬಿ ಎಲ್ಲಿ ಕೂತಿದೆ ಎಂಬುದು ಮೊದಲು ತಿಳಿಯಬೇಕು. ಆ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಬಗೆ ಕಾಣುತ್ತೇವೆ. ಒಂದರಲ್ಲಿ 4 ಜಿಬಿ ಬೋರ್ಡಿಗೇ ಬೆಸೆದಿರುತ್ತದೆ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ. ಇನ್ನೊಂದರಲ್ಲಿ ಎರಡು ಸ್ಲಾಟ್, ಒಂದರಲ್ಲಿ 4 ಜಿಬಿ ಸ್ಟಿಕ್. ಟಾಸ್ಕ್ ಮ್ಯಾನೇಜರ್ ಎರಡಕ್ಕೂ 'ಸ್ಲಾಟ್ಸ್ ಯೂಸ್ಡ್: 1 ಆಫ್ 2' ಎಂದೇ ತೋರಿಸುವುದುಂಟು, ಬೆಸೆದದ್ದನ್ನೂ ಸ್ಲಾಟ್ ಎಂದೇ ಎಣಿಸುತ್ತದೆ. ಅದರ ಕೆಳಗಿನ 'ಫಾರ್ಮ್ ಫ್ಯಾಕ್ಟರ್' ಸಾಲಿನಲ್ಲಿ 'ರೋ ಆಫ್ ಚಿಪ್ಸ್' ಎಂದಿದ್ದರೆ ಬೆಸೆದದ್ದು, 'ಸೋಡಿಮ್' ಎಂದಿದ್ದರೆ ಸ್ಟಿಕ್. ಬಯಾಸ್ (ವಿಂಡೋಸಿಗೂ ಮೊದಲು ಏಳುವ, ಬೋರ್ಡಿನೊಳಗಿನ ತಂತ್ರಾಂಶ) ತಪ್ಪು ವರದಿ ಕೊಟ್ಟರೆ ಈ ಸಾಲೂ ತಪ್ಪುತ್ತದೆ. ಆದ್ದರಿಂದ ಲ್ಯಾಪ್‌ಟಾಪಿನ ಹಿಂಬದಿಯ ಮಾಡೆಲ್ ನಂಬರನ್ನು ಪೂರ್ತಿ, ಕೊನೆಯ ಅಕ್ಷರದವರೆಗೆ ಬರೆದುಕೊಂಡು ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಹುಡುಕಿ. ಒಂದೇ ಹೆಸರಿನ ಸರಣಿಯಲ್ಲಿ ಕೊನೆಯ ಅಕ್ಷರಗಳು ಬದಲಾದರೆ ಬೋರ್ಡೇ ಬೇರೆ ಇರುವುದುಂಟು.

ಬೆಸೆದಿದ್ದರೆ 8 ಜಿಬಿಯ ಒಂದು ಸ್ಟಿಕ್ ಸಾಕು. ಎರಡೂ ಸ್ಲಾಟ್ ಇದ್ದರೆ ಈಗ 8 ಹಾಕಿ, ಮುಂದೆ ಬೇಕೆನಿಸಿದಾಗ 4ನ್ನು ತೆಗೆದು ಇನ್ನೊಂದು 8 ಹಾಕಬಹುದು. "ಸಮ ಇಲ್ಲದಿದ್ದರೆ ಡ್ಯುಯಲ್ ಚಾನೆಲ್ ಆಗಲ್ಲ" ಎಂದು ಹೆದರಿಸುವವರಿದ್ದಾರೆ, ಅದು ಅರ್ಧ ನಿಜ. ಚಾನೆಲ್ ಎಂದರೆ ಮೆಮೊರಿಗೂ ಪ್ರೊಸೆಸರಿಗೂ ನಡುವಿನ ದಾರಿ. ಡಿಡಿಆರ್4-2400 (ಡಿಡಿಆರ್4 ಮೆಮೊರಿಯ ತಲೆಮಾರು, 2400 ವೇಗ) ಒಂದು ಚಾನೆಲ್ಲಿನಲ್ಲಿ ಸೆಕೆಂಡಿಗೆ 19.2 ಜಿಬಿ ಸಾಗಿಸಬಲ್ಲದು, ಎರಡಾದರೆ ಅದರ ದುಪ್ಪಟ್ಟು. 4ಕ್ಕೆ 8 ಸೇರಿದಾಗ ಇಂಟೆಲ್ ಅದನ್ನು ಒಡೆದು ಬಳಸುತ್ತದೆ: ಎರಡೂ ಕಡೆಯ ನಾಲ್ಕು ನಾಲ್ಕು ಸೇರಿ 8 ಜಿಬಿ ಜೋಡಿಯಾಗಿ ಓಡುತ್ತದೆ, ಮಿಕ್ಕ 4 ಒಂಟಿಯಾಗಿ. 4ಕ್ಕೆ 16 ಸೇರಿಸಿದರೂ ಜೋಡಿ ಭಾಗ ಅದೇ 8, ಒಂಟಿ ಭಾಗ 12. ಜೋಡಿಯ ಲಾಭ ಹೆಚ್ಚು ಕಾಣುವುದು ಗ್ರಾಫಿಕ್ಸ್ ಕೆಲಸದಲ್ಲಿ. ನಿಮ್ಮ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ತನ್ನದೇ ಮೆಮೊರಿ ಇಲ್ಲದೆ ಈ ರ್‍ಯಾಮನ್ನೇ ಹಂಚಿಕೊಂಡು ಬದುಕುತ್ತದೆ. ಹಾಗಾಗಿ ಒಂಟಿ 4ರಿಂದ 12ಕ್ಕೆ ಹೋದಾಗ ವಿಡಿಯೋ, ಸ್ಕ್ರೋಲಿಂಗ್ ಕೂಡ ನಯವಾಗುತ್ತವೆ.

ಈಗ ಅಂಗಡಿಯವರ 3200. ಐ5-8250ಯು ಬೆಂಬಲಿಸುವುದು ಡಿಡಿಆರ್4-2400ರ ವರೆಗೆ, ಒಟ್ಟು 32 ಜಿಬಿ ತನಕ. 3200ರ ಸ್ಟಿಕ್ ಹಾಕಿದರೆ ಅದು 2400ಕ್ಕೆ ಇಳಿದು ಓಡುತ್ತದೆ. ಹಾನಿಯಿಲ್ಲ, ಲಾಭವೂ ಇಲ್ಲ. ನೂರು ಕಿಲೋಮೀಟರ್ ವೇಗದ ಬಸ್ಸನ್ನು ಆಗುಂಬೆ ಘಾಟಿಗೆ ಬಿಟ್ಟ ಹಾಗೆ, ತಿರುವು ಹೇಳಿದಷ್ಟೇ ವೇಗ. ಈಗ ಅಂಗಡಿಗಳಲ್ಲಿ 2400 ಸಿಗುವುದೇ ಅಪರೂಪವಾಗಿದೆ, 2666 ಅಥವಾ 3200 ಕಡಿಮೆಗೆ ಸಿಕ್ಕರೆ ಅದನ್ನೇ ತನ್ನಿ. ವೇಗಕ್ಕೆಂದು ಮಾತ್ರ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಬಣ್ಣದ ತಗಡು ಹೊದಿಸಿ 'ಗೇಮಿಂಗ್' ಎಂದು ಮಾರುವ ಸ್ಟಿಕ್ಕುಗಳ ಗೋಜಿಗೂ ಹೋಗಬೇಡಿ. ಅವುಗಳಲ್ಲಿ ಕೆಲವು 1.35 ವೋಲ್ಟ್ ಪ್ರೊಫೈಲಿನಲ್ಲಿ ಮಾತ್ರ ಬರೆದ ವೇಗ ಮುಟ್ಟುತ್ತವೆ. ಸಾಮಾನ್ಯ ಲ್ಯಾಪ್‌ಟಾಪ್ ಡಿಡಿಆರ್4ಗೆ ಕೊಡುವುದು 1.2 ವೋಲ್ಟ್.

ಸ್ಟಿಕ್ಕಿನ ಮೇಲಿನ ಬಿಳಿ ಚೀಟಿಯನ್ನು ಓದಲು ಕಲಿತರೆ ಯಾರನ್ನೂ ಕೇಳಬೇಕಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಉದಾಹರಣೆಗೆ '8ಜಿಬಿ 1ಆರ್×8 ಪಿಸಿ4-2666ವಿ-ಎಸ್'. 8ಜಿಬಿ ಗೊತ್ತೇ ಇದೆ. ಪಿಸಿ4 ಎಂದರೆ ಡಿಡಿಆರ್4. 2666 ವೇಗ, ಅದರ ಹಿಂದಿನ 'ವಿ' ಆ ವೇಗದ ಟೈಮಿಂಗಿನ ಗುರುತು. 2400ಕ್ಕೆ 'ಟಿ', 3200ಕ್ಕೆ 'ಎಎ' ಇರುತ್ತದೆ. ಕೊನೆಯ 'ಎಸ್' ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ ಎಂದು ಹೇಳುತ್ತದೆ. ಕೆಲವು ಕಂಪನಿಗಳು ವೇಗದ ಜಾಗದಲ್ಲಿ 19200, 21300, 25600 ಎಂದು ಬರೆಯುತ್ತವೆ, ಅವು ಕ್ರಮವಾಗಿ 2400, 2666, 3200. 2400ನ್ನು 8ರಿಂದ ಗುಣಿಸಿ ನೋಡಿ, ಗುಟ್ಟು ಬಿಚ್ಚಿಕೊಳ್ಳುತ್ತದೆ.

ನಡುವಿನ '1ಆರ್×8' ಯಾರೂ ಗಮನಿಸದ, ಆದರೆ ನಿಮಗೆ ಬೇಕಾದ ಭಾಗ. 8 ಜಿಬಿಯಲ್ಲಿ 1ಆರ್×8 ಎಂದರೆ ಎಂಟು ಚಿಪ್, 1ಆರ್×16 ಎಂದರೆ ನಾಲ್ಕೇ ಚಿಪ್. ನಾಲ್ಕು ಚಿಪ್ಪಿನದಕ್ಕೆ ಒಳಗಿನ ಬ್ಯಾಂಕ್‌ಗಳ (ಮೆಮೊರಿಯ ವಿಭಾಗಗಳ) ಸಂಖ್ಯೆ ಅರ್ಧ, ಆದ್ದರಿಂದ ಬರೆದ ವೇಗ ಒಂದೇ ಇದ್ದರೂ ಕೆಲಸದಲ್ಲಿ ತುಸು ಹಿಂದೆ ಬೀಳುತ್ತದೆ. ಅದಕ್ಕಿಂತ ಮುಖ್ಯ, ಆ ನಾಲ್ಕು ಚಿಪ್ಪುಗಳು ಹೆಚ್ಚು ಸಾಂದ್ರತೆಯ ಹೊಸ ಬಗೆಯವು. ಹಳೆಯ ಬೋರ್ಡು, ಅಪ್‌ಡೇಟ್ ಕಾಣದ ಬಯಾಸ್ ಇದ್ದಲ್ಲಿ ಅವು ಏಳದೇ ಇರುವುದುಂಟು. 2018ರ ಯಂತ್ರಕ್ಕೆ 8 ಜಿಬಿಯಲ್ಲಿ 1ಆರ್×8, 16 ಜಿಬಿಯಲ್ಲಿ 2ಆರ್×8 ಕೇಳಿ ತೆಗೆದುಕೊಳ್ಳಿ. ಚೀಟಿ ಹರಿದಿದ್ದರೆ ಚಿಪ್ ಎಣಿಸಿ, ಎರಡೂ ಬದಿ.

ಬೇರೆ ತಲೆಮಾರಿನ ಲ್ಯಾಪ್‌ಟಾಪ್ ಇರುವವರಿಗೂ ಎರಡು ಮಾತು. ಡಿಡಿಆರ್3ರ ಲ್ಯಾಪ್‌ಟಾಪ್ ಸ್ಟಿಕ್ಕಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಪಿನ್ನುಗಳ ಸಾಲಿನ ನಡುವಿನ ಹೊಂಡದ ಜಾಗ ಬೇರೆ ಬೇರೆ, ಒಂದು ಇನ್ನೊಂದರಲ್ಲಿ ಕೂರುವುದಿಲ್ಲ, ಒತ್ತಿ ಕೂರಿಸಲು ಹೋದರೆ ಸ್ಲಾಟೇ ಹೋಗುತ್ತದೆ. ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪ್ ಆದರೆ ಚೀಟಿಯಲ್ಲಿ ಪಿಸಿ3 ಅಲ್ಲ, ಪಿಸಿ3ಎಲ್ ಇರಬೇಕು, ಅದು 1.35 ವೋಲ್ಟಿನದು, ಮೊದಲನೆಯದು 1.5. ಇಂಟೆಲ್ 12ನೇ ತಲೆಮಾರಿನಲ್ಲಿ ಪ್ರೊಸೆಸರ್ ಹೆಸರಿನಿಂದ ಊಹಿಸಬೇಡಿ, ಅದೇ ಚಿಪ್ ಕೆಲವು ಮಾಡೆಲ್ಲಿನಲ್ಲಿ ಡಿಡಿಆರ್4, ಕೆಲವದರಲ್ಲಿ ಡಿಡಿಆರ್5. ಎಲ್‌ಪಿಡಿಡಿಆರ್ ಎಂದು ಬರೆದಿರುವ ಬಹುತೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೆಸೆದಿರುತ್ತದೆ, ಅಲ್ಲಿಗೆ ಮಾತು ಮುಗಿಯಿತು.

ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಕೊಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಅಥವಾ ಆನ್‌ಲೈನ್ ತರಿಸಿ, ಬಿಲ್ಲಿನಲ್ಲಿ ಸ್ಟಿಕ್ಕಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಎಷ್ಟೇ ಉದ್ದ ಇದ್ದರೂ ನಂಬರಿಲ್ಲದ ಬಿಲ್ಲಿನಿಂದ ಪ್ರಯೋಜನವಿಲ್ಲ. "ಹೊಂದದಿದ್ದರೆ ವಾಪಸ್" ಎಂಬುದನ್ನೂ ಮೊದಲೇ ಮಾತಾಡಿ, ದಿನಗಳ ಲೆಕ್ಕದಲ್ಲಿ. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಮೆಮೊರಿ ಚಿಪ್ ಹರಿದು ಹೋಗಲು ಶುರುವಾಗಿ 2025ರ ಕೊನೆಯ ತಿಂಗಳುಗಳಿಂದ ಬೆಲೆ ಏರಿದೆ, ಹೋದ ತಿಂಗಳು ಕೇಳಿದ ದರವನ್ನು ನೆಚ್ಚಬೇಡಿ. ಬೇರೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಹಳೇ ಸ್ಟಿಕ್ ಕೊಳ್ಳುವುದು ತಪ್ಪೇನಲ್ಲ, ಮೆಮೊರಿ ಸವೆಯುವ ವಸ್ತುವಲ್ಲ. ಆದರೆ ಅಂಗಡಿಯಲ್ಲೇ ಹಾಕಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಒಟ್ಟು ಜಿಬಿ ನೋಡಿದ ಮೇಲೆ ದುಡ್ಡು ಕೊಡಿ. ಮನೆಗೆ ತರುವಾಗ ಬೆಳ್ಳಿ ಬಣ್ಣದ ಆ್ಯಂಟಿ-ಸ್ಟ್ಯಾಟಿಕ್ ಚೀಲದಲ್ಲೇ ಇರಲಿ, ತರಕಾರಿ ತರುವ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಅಲ್ಲ.

ಮನೆಯಲ್ಲೇ ಹಾಕಿಕೊಳ್ಳಬಹುದು. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ (ಪಿಎಚ್0), ಹಳೆಯ ಎಟಿಎಂ ಕಾರ್ಡ್, ಒಂದು ಬಿಳಿ ಹಾಳೆ ಸಾಕು. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಚಾರ್ಜರ್ ತೆಗೆಯಿರಿ. ಹಿಂಬದಿ ಸ್ಕ್ರೂಗಳನ್ನು ಬಿಚ್ಚುತ್ತಾ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿ, ಆಯಾ ಜಾಗದಲ್ಲೇ ಆಯಾ ಸ್ಕ್ರೂ ಇಡಿ. ಇದು ಚಂದಕ್ಕಲ್ಲ: ಉದ್ದ ಸ್ಕ್ರೂವನ್ನು ಗಿಡ್ಡ ತೂತಿಗೆ ಹಾಕಿದರೆ ಅದು ಮೇಲೆ ಕೈ ಇಡುವ ಜಾಗವನ್ನು ಉಬ್ಬಿಸುತ್ತದೆ. ಎಲ್ಲ ಬಿಚ್ಚಿದ ಮೇಲೂ ಮುಚ್ಚಳ ಏಳದಿದ್ದರೆ ರಬ್ಬರ್ ಕಾಲಿನ ಅಡಿ ಇನ್ನೊಂದು ಸ್ಕ್ರೂ ಅಡಗಿದೆ, ಎಳೆದಾಡಬೇಡಿ. ಆಮೇಲೆ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತ ಸರಿಸುತ್ತಾ ಹೋಗಿ.

ಒಳಗೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಚ್ಚುವುದು. ವೈರ್ ಹಿಡಿದು ಜಗ್ಗದೆ ಪ್ಲಾಸ್ಟಿಕ್ ತಲೆ ಹಿಡಿದು ಸರಿಸಿ. ನಂತರ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ, ಒಳಗೆ ಉಳಿದ ಕರೆಂಟ್ ಇಳಿಯಲಿ. ಈಗ ಸ್ಲಾಟ್. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿದು, ಚಿನ್ನದ ಹಲ್ಲಿನ ನಡುವಿನ ಹೊಂಡವನ್ನು ಸ್ಲಾಟಿನ ಏಣಿಗೆ ಹೊಂದಿಸಿ, ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ ಒಳಗೆ ತಳ್ಳಿ. ಇಲ್ಲೇ ಹೆಚ್ಚಿನವರು ಸೋಲುವುದು. ಮೆಲ್ಲಗೆ ಒತ್ತಿದರೆ ಅರ್ಧಕ್ಕೆ ನಿಲ್ಲುತ್ತದೆ, ಅಷ್ಟರಲ್ಲೇ ಕೆಳಗೆ ಬಗ್ಗಿಸಿಬಿಡುತ್ತಾರೆ. ಚಿನ್ನದ ಹಲ್ಲು ಕೂದಲೆಳೆಯಷ್ಟು ಗೆರೆಯಾಗಿ ಮಾತ್ರ ಕಾಣುವ ತನಕ ಎರಡು ಹೆಬ್ಬೆರಳಿನಿಂದ ಸಮವಾಗಿ ತಳ್ಳಬೇಕು. ಆಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕೊಂಡಿ ಟಕ್ಕೆಂದು ಬೀಳುತ್ತವೆ. ಒಂದೇ ಟಕ್ ಕೇಳಿದರೆ ಎತ್ತಿ ಮತ್ತೆ ಹಾಕಿ.

ನಿಮ್ಮ ಥಂಡಿಯ ಪ್ರಶ್ನೆಗೆ ಬರುತ್ತೇನೆ. ಬಯಲುಸೀಮೆಯವರಿಗೆ ಸ್ಟ್ಯಾಟಿಕ್ ಕರೆಂಟಿನ ಭಯ ಹೆಚ್ಚು, ಗಾಳಿ ಒಣಗಿದಷ್ಟೂ ಅದು ಜಾಸ್ತಿ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಾಟ ಕಡಿಮೆ, ಚಳಿಗಾಲದಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು ಕಂಬಳಿಯ ಮೇಲೆ ಕೂತು ಬಿಚ್ಚಿದರೆ ಮಾತ್ರ ಎಚ್ಚರ. ಯಾವ ಕಾಲದಲ್ಲಾದರೂ ಬರಿಗಾಲಲ್ಲಿ ನಿಂತು ಕಿಟಕಿಯ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ ಶುರು ಮಾಡಿ. ಮಳೆಗಾಲದ ತೊಂದರೆ ಬೇರೆ: ನೆಲ ಬೆವರುವ ದಿನ ಒಳಗಿನ ಲೋಹದ ಮೇಲೂ ಸಣ್ಣಗೆ ಪಸೆ ಕೂರುತ್ತದೆ, ಬೆರಳಿನ ಬೆವರಿನ ಉಪ್ಪು ಅದಕ್ಕೆ ಸೇರಿದರೆ ಸಂಪರ್ಕ ಮಾಸುತ್ತದೆ. ಮಳೆ ಹೊಳವಾದ ದಿನ ಮಧ್ಯಾಹ್ನ ಮಾಡಿ. ಲ್ಯಾಪ್‌ಟಾಪನ್ನು ಅದಕ್ಕೆ ಮೊದಲು ಒಂದು ಗಂಟೆ ಓಡಿಸಿಟ್ಟರೆ ಒಳಗಿನ ಥಂಡಿ ಆರುತ್ತದೆ, ಬಿಸಿ ಇಳಿದ ಮೇಲೆ ಬಿಚ್ಚಿ. ಚಿನ್ನದ ಹಲ್ಲಿಗೆ ಬೆರಳು ತಾಗಿಸಬೇಡಿ. ತಾಗಿದರೆ 99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ, ನಾರು ಬಿಡದ ಬಟ್ಟೆಯಿಂದ ಒರೆಸಿ. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಹಳೇ ಮದ್ದು ಒಂದೆರಡು ಸಲ ಕೆಲಸ ಮಾಡುತ್ತದೆ, ಚಿನ್ನದ ಲೇಪವನ್ನೂ ಸವೆಸುತ್ತದೆ. ಮುಚ್ಚಳ ತೆಗೆದಾಗ ಅಡಿಕೆ ಸುಲಿಯುವ ಕಾಲದ ನಾರು, ದೂಳು ಫ್ಯಾನಿನಲ್ಲಿ ಕೂತಿದ್ದರೆ ಫ್ಯಾನ್ ತಿರುಗದಂತೆ ಬೆರಳಿಟ್ಟು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

ಎಸ್‌ಎಸ್‌ಡಿಯನ್ನೂ ಇದೇ ಸಲ ಹಾಕಿಬಿಡಿ, ಎರಡು ಸಲ ಬಿಚ್ಚುವುದೇಕೆ. ಹಾರ್ಡ್‌ಡಿಸ್ಕ್ ಇದ್ದ ಜಾಗಕ್ಕೆ 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಹೊಸದಾಗಿ ವಿಂಡೋಸ್ 11 ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್ 8ನೇ ತಲೆಮಾರಿನ ನಿಮ್ಮ ಪ್ರೊಸೆಸರ್ 11ರ ಪಟ್ಟಿಯಲ್ಲಿದೆ. ಅದಕ್ಕೇ ಈ ಲ್ಯಾಪ್‌ಟಾಪಿಗೆ ಇನ್ನೂ ದುಡ್ಡು ಹಾಕಬಹುದು ಎಂದು ಹೇಳುತ್ತಿರುವುದು. ಬಿಚ್ಚುವ ಮೊದಲು ಫೈಲುಗಳ ಪ್ರತಿ ತೆಗೆದಿಡಿ. ಬಯಾಸ್ ಅಪ್‌ಡೇಟ್ ಮಾಡುವುದಿದ್ದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿ, ಗುಡುಗಿಲ್ಲದ ದಿನ ಮಾಡಿ. ಅದಕ್ಕೂ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ, ಅಪ್‌ಡೇಟ್ ಆದ ಮೇಲೆ ಅದನ್ನು ಕೇಳಿ ಕೂರುವುದುಂಟು.

ಮುಚ್ಚಿ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿಯಾಗಬೇಡಿ. ಹೊಸ ಮೆಮೊರಿಯನ್ನು ಬೋರ್ಡ್ ಪರಿಚಯ ಮಾಡಿಕೊಳ್ಳುವ ಹೊತ್ತು ಅದು, ಒಂದೆರಡು ನಿಮಿಷ ಕಾಯಿರಿ, ನಡುವೆ ಆಫ್ ಮಾಡಬೇಡಿ. ಐದು ನಿಮಿಷವಾದರೂ ಏಳದಿದ್ದರೆ ಬ್ಯಾಟರಿ ಬಿಚ್ಚಿ ಸ್ಟಿಕ್ ಮತ್ತೆ ಕೂರಿಸಿ. ಹತ್ತರಲ್ಲಿ ಒಂಬತ್ತು ಸಲ ಅಷ್ಟೇ ಆಗಿರುತ್ತದೆ. ಆಗಲೂ ಏಳದಿದ್ದರೆ ಹೊಸದನ್ನು ತೆಗೆದು ಹಳೆಯ 4 ಜಿಬಿಯಲ್ಲೇ ಎಬ್ಬಿಸಿ. ಎದ್ದರೆ ದೋಷ ಸ್ಟಿಕ್ಕಿನದು ಅಥವಾ ಸ್ಲಾಟಿನದು. ಎರಡು ಸ್ಲಾಟ್ ಇದ್ದರೆ ಹೊಸ ಸ್ಟಿಕ್ಕನ್ನು ಹಳೆಯದರ ಜಾಗದಲ್ಲಿ ಒಂಟಿಯಾಗಿ ಹಾಕಿ ಯಾವುದೆಂದು ತೀರ್ಮಾನಿಸಬಹುದು.

ಎದ್ದಿತು ಎಂದರೆ ಮುಗಿಯಲಿಲ್ಲ. ಅರೆಬರೆ ಕೆಟ್ಟ ಸ್ಟಿಕ್ ಮೊದಲ ದಿನ ಚೆನ್ನಾಗೇ ಓಡುತ್ತದೆ, ವಾರದ ಮೇಲೆ ನೀಲಿ ಪರದೆ, ಬಿಚ್ಚದ ಜಿಪ್ ಫೈಲು, ಕಾರಣವಿಲ್ಲದೆ ಮುಚ್ಚುವ ಬ್ರೌಸರ್ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ವಾಪಸ್ ಕೊಡುವ ದಿನ ಅಷ್ಟರಲ್ಲಿ ಕಳೆದಿರುತ್ತದೆ. ಆದ್ದರಿಂದ ಮೊದಲ ರಾತ್ರಿಯೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ, ಚಾರ್ಜರ್ ಹಾಕಿಟ್ಟು ನಾಲ್ಕು ಸುತ್ತು ಓಡಲು ಬಿಡಿ. ಬೆಳಿಗ್ಗೆ ಎದ್ದು ನೋಡಿದಾಗ ದೋಷದ ಸಂಖ್ಯೆ ಸೊನ್ನೆ ಇರಬೇಕು. ಒಂದೇ ಒಂದು ಬಂದಿದ್ದರೂ ಪರದೆಯ ಫೋಟೋ ತೆಗೆದು, ಸ್ಟಿಕ್ಕನ್ನೂ ಬಿಲ್ಲನ್ನೂ ಹಿಡಿದು ಅದೇ ದಿನ ಅಂಗಡಿಗೆ ಹೋಗಿ.